ಐದನೆಯ ಹೆಸರಿನ ಮೇಲೆ ಕುಳಿತ ಕಾಗೆ

ಕಾರ್ಟೂನ್ ಶುರುವಾಗುವ ಮೊದಲಿನ ಅರ್ಧ ನಿಮಿಷದ ವಿಷಯಕ್ಕೆ ನಾನೂ ನನ್ನ ಸ್ನೇಹಿತನೂ ಮಾತು ಬಿಟ್ಟಿದ್ದೇವೆ ಎಂದರೆ ಜನ ನಗುತ್ತಾರೆ. ನಗಲಿ. ನಗುವುದಕ್ಕೆ ಏನು, ಹಲ್ಲಿದ್ದರೆ ಸಾಕು. ನನಗೆ ಐವತ್ತನಾಲ್ಕು ವರ್ಷ. ದುಬೈಯ ಒಂದು ಹೋಟೆಲಿನ ಬ್ಯಾಂಕ್ವೆಟ್ ಹಾಲಿನಲ್ಲಿ ಮೈಕು, ಪರದೆ, ಪ್ರೊಜೆಕ್ಟರ್ ನೋಡಿಕೊಳ್ಳುವ ಕೆಲಸ. ಅಲ್ ಕುಸೈಸಿನಲ್ಲಿ ಎರಡು ಕೋಣೆಯ ಫ್ಲಾಟು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ, ಹನ್ನೊಂದನೇ ಕ್ಲಾಸಿನ ಮಗಳು. ಇಷ್ಟು ಸಂಸಾರ ಇರುವ ಗಂಡಸಿಗೆ ಕಾರ್ಟೂನಿನ ಹುಚ್ಚೇ ಎಂದು ಕೇಳಿದವರನ್ನು ನಾನು ತಿದ್ದುತ್ತೇನೆ. ಕಾರ್ಟೂನಿನ ಹುಚ್ಚಲ್ಲ, ಬೋರ್ಡಿನ ಹುಚ್ಚು. ಪರದೆಯ ಮೇಲೆ ಬರುವ ಬರಹಕ್ಕೆಲ್ಲ ಚಿಕ್ಕಂದಿನಲ್ಲಿ ನಾವು ಬೋರ್ಡು ಎನ್ನುತ್ತಿದ್ದೆವು. ಶುರುವಿನ ಬೋರ್ಡು, ಮುಗಿಯುವ ಬೋರ್ಡು. ನಡುವೆ ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುವುದೆಲ್ಲ ಮಕ್ಕಳಿಗೆ.

ಇದು ಹತ್ತಿಕೊಂಡದ್ದು ನಾಲ್ಕನೇ ಕ್ಲಾಸಿನಲ್ಲಿ. ನಮ್ಮದು ಕರಾವಳಿಯ ಕನ್ನಡ ಮೀಡಿಯಮ್ ಶಾಲೆ. ಅಲ್ಲಿಗೆ ವರ್ಷಕ್ಕೆ ಎರಡು ಸಲ ಚರ್ಚಿನ ಒಬ್ಬ ವಯಸ್ಸಾದ ಬ್ರದರ್ ಪ್ರೊಜೆಕ್ಟರ್ ಹೊತ್ತುಕೊಂಡು ಬರುತ್ತಿದ್ದರು. ನೀತಿ ಬೋಧನೆಯ ಚಿತ್ರದ ಕೊನೆಗೆ ಒಂದು ಕಾರ್ಟೂನು. ಆದರೆ ಅವರದ್ದೊಂದು ಕ್ರಮ ಇತ್ತು. ಕಾರ್ಟೂನಿನ ಬೋರ್ಡಿನಲ್ಲಿ ಬರುವ ಇಂಗ್ಲಿಷ್ ಹೆಸರುಗಳನ್ನು ಒಬ್ಬ ಹುಡುಗ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ದುಡಿದವರ ಹೆಸರು ಓದದೆ ದುಡಿಮೆ ನೋಡಬಾರದು ಎಂದು ಅವರು ಹೇಳುತ್ತಿದ್ದರು. ಆ ಸಲ ನನ್ನ ಸರದಿ ಬಂತು.

ಹಸಿರು ಪರದೆಯ ಚಿತ್ರ. ಪರದೆ ಎರಡೂ ಕಡೆಗೆ ಸರಿಯಿತು. ಒಳಗೆ ಕಪ್ಪು ಹಲಗೆ, ಅದರಲ್ಲಿ ಬಿಳಿ ಅಕ್ಷರದ ಐದು ಸಾಲು, ಸಾಲಿಗೊಂದು ಹೆಸರು. ಒಂದು ಓದಿದೆ, ಎರಡು ಓದಿದೆ, ಮೂರು ಓದಿದೆ. ನಾಲ್ಕನೆಯದರಲ್ಲಿ ನಾಲಿಗೆ ತೊಡರಿತು. ಬ್ರದರ್ ತಿದ್ದಿದರು, ನಾನು ಮತ್ತೆ ಹೇಳಿದೆ. ಅಷ್ಟರಲ್ಲಿ ಬೋರ್ಡು ಬದಲಾಗಿ ಕಥೆ ಶುರುವಾಯಿತು. ಹಾಲಿನಲ್ಲಿ ಎಲ್ಲರೂ ನಕ್ಕರು. ನನಗೆ ಅಳು ಬರುವ ಹಾಗಾಗಿತ್ತು. ಬ್ರದರ್ ನನ್ನ ಬೆನ್ನು ತಟ್ಟಿ, ಐದನೆಯವನ ಹೆಸರನ್ನು ಬರುವ ಸಲ ನೀನೇ ಓದಬೇಕು, ಮರೆಯಬೇಡ ಎಂದರು.

ಬರುವ ಸಲ ಅದೇ ಕಾರ್ಟೂನ್ ಬಂತು. ಕಂಠ ಸರಿ ಮಾಡಿಕೊಂಡು ನಾನು ಎದ್ದು ನಿಂತೆ. ಹಸಿರು ಪರದೆ ಬರಲೇ ಇಲ್ಲ. ಕಂಪನಿಯ ಗುರುತಿನ ಬಿಲ್ಲೆ ಬಂತು, ಕಾರ್ಟೂನಿನ ಹೆಸರು ಬಂತು, ಸೀದಾ ಕಥೆ. ಒಂದೇ ಒಂದು ಹೆಸರಿಲ್ಲ. ಬ್ರದರ್ ಡಬ್ಬಿಯನ್ನು ತಿರುಗಿಸಿ ನೋಡಿದರು. ಇದು ಬೇರೆ ಕಾಪಿ ಎಂದರು. ಅದಾದ ಮೇಲೆ ಅವರಿಗೆ ವರ್ಗವಾಯಿತು. ನಾನು ನಿಂತವನು ನಿಂತೇ ಇದ್ದೆ ಎಂದು ಈಗಲೂ ಅನ್ನಿಸುತ್ತದೆ.

ಆ ಐದನೆಯ ಹೆಸರು ಯಾರದ್ದು? ನನಗೆ ಬೇಕಾಗಿದ್ದದ್ದು ಇಷ್ಟೇ. ಇದೇನು ದೊಡ್ಡ ಆಸೆ ಅಲ್ಲ. ಆದರೂ ನಲವತ್ತೈದು ವರ್ಷ ಒಂದು ಸಣ್ಣ ಆಸೆಯನ್ನು ಸಾಕಿದರೆ ಅದು ಮನೆಯ ಜನವೇ ಆಗಿಬಿಡುತ್ತದೆ.

ಒಂಬತ್ತು ವರ್ಷದ ಹಿಂದೆ ನಮ್ಮ ಹೋಟೆಲಿನ ಒಂದು ಪಾರ್ಟಿಯವರಿಗೆ ಅಲಂಕಾರಕ್ಕೆ ಹಳೆಯ ಕಾಲದ ಪ್ರೊಜೆಕ್ಟರ್ ಬೇಕಿತ್ತು. ಅದನ್ನು ತಂದುಕೊಟ್ಟವನು ಅಲ್ ಕೂಜಿನಲ್ಲಿ ಎಸಿ ಬಿಡಿಭಾಗಗಳ ವ್ಯಾಪಾರ ಮಾಡುವ ಒಬ್ಬ ಬ್ಯಾರಿ, ಪುತ್ತೂರು ಕಡೆಯವನು, ನನ್ನದೇ ವಯಸ್ಸು. ಅಲಂಕಾರಕ್ಕೆಂದು ತಂದದ್ದನ್ನು ನಾನು ಪ್ಲಗ್ಗಿಗೆ ಹಾಕಿ ಓಡಿಸಿ ನೋಡಿದ್ದು ಅವನ ಕಣ್ಣಿಗೆ ಬಿತ್ತು. ಬಲ್ಬು ಹತ್ತಿದ ಕೂಡಲೇ ಇಬ್ಬರ ಮುಖವೂ ಅರಳಿತಂತೆ. ಹಾಗೆಂದು ಅವನೇ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅವನ ಗೋಡೌನಿನ ಹಿಂದಿನ ಕೋಣೆಯಲ್ಲಿ ಕಂಪ್ರೆಸರ್ ಪೆಟ್ಟಿಗೆಗಳ ನಡುವೆ ನೂರಾರು ಫಿಲ್ಮ್ ಡಬ್ಬಿಗಳಿದ್ದವು. ಮುಚ್ಚಿದ ಕ್ಲಬ್ಬುಗಳದ್ದು, ಶಾಲೆಗಳದ್ದು, ಅಬುಧಾಬಿಯ ಗುಜರಿಯವನಿಂದ ಸಿಕ್ಕಿದ್ದು. ಪ್ರತಿ ಶುಕ್ರವಾರ ಜುಮ್ಮಾ ಮುಗಿಸಿ ಅವನು ಬಾಗಿಲು ತೆಗೆಯುವುದು, ನಾನು ಹೆಂಡತಿ ಹಬೆಯಲ್ಲಿ ಬೇಯಿಸಿದ ಸನ್ನಾಸ್ ತೆಗೆದುಕೊಂಡು ಹೋಗುವುದು, ಅವನು ಕರಕ್ ಚಹಾ ತರಿಸುವುದು. ಒಂಬತ್ತು ವರ್ಷದಲ್ಲಿ ಇದು ತಪ್ಪಿದ್ದು ಕಡಿಮೆ. ಕಥೆ ನೋಡುವ ಹಾಗಿಲ್ಲ, ತಲೆ ಮತ್ತು ಬಾಲ ಮಾತ್ರ ನೋಡುವುದು. ಇದು ನಮ್ಮ ನಿಯಮ. ತಲೆ ಎಂದರೆ ಶುರುವಿನ ಬೋರ್ಡು, ಬಾಲ ಎಂದರೆ ಕೊನೆಯದ್ದು.

ತಲೆಬಾಲ ನೋಡಿಯೇ ಕಾಲ ಹೇಳಬಹುದು ಎಂದರೆ ನೀವು ನಂಬಲಿಕ್ಕಿಲ್ಲ. ತೀರ ಹಳೆಯದರಲ್ಲಿ ಮಾತಿಲ್ಲ, ಸದ್ದಿಲ್ಲ. ಮದುವೆ ಕಾಗದದ ಹಾಗೆ ಸುತ್ತ ಬಳ್ಳಿ ಬರೆದ ಒಂದು ಹಲಗೆ, ಅದರ ಮೇಲೆ ಹೆಸರು. ಕೊನೆಗೆ ಕಪ್ಪು ಸುತ್ತಲಿಂದ ಬಂದು ಒಂದು ವೃತ್ತವಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚುವ ಮೊದಲು ನಾಯಕ ಆ ತೂತಿನಿಂದ ಒಮ್ಮೆ ಇಣುಕುವುದೂ ಉಂಟು. ಸದ್ದು ಬಂದ ಮೇಲೆ ಕಂಪನಿಯವರಿಗೆ ಕೊಬ್ಬು ಬಂತು. ಕಹಳೆ, ಡೋಲು, ಉರಿಯುವ ಸೂರ್ಯನ ಮುಂದೆ ನಾಯಕನ ದೊಡ್ಡ ಮೂತಿ. ಬಣ್ಣ ಬಂದಾಗ ಬಣ್ಣ ಬಂದಿದೆ ಎಂದು ಹೇಳುವುದಕ್ಕೇ ಒಂದು ಸಾಲು. ಆಮೇಲೆ ಒಂದರೊಳಗೊಂದು ಬಳೆ ಇಟ್ಟ ಹಾಗೆ ವೃತ್ತಗಳು, ಅವುಗಳ ನಡುವಿನಿಂದ ನಮ್ಮ ಕಡೆಗೆ ಹಾರಿಬರುವ ಬಿಲ್ಲೆ. ಕೊನೆಯಲ್ಲಿ ಅದೇ ಬಳೆಗಳ ಮೇಲೆ, ಮುಗಿಯಿತು ಎಂದು ಕಾಣದ ಕೈ ಬರೆದ ಹಾಗೆ ಮೂಡುವ ಅಕ್ಷರ. ಹೆಸರುಗಳು ಮೊದಲು ಒಂದೋ ಎರಡೋ ಇದ್ದವು. ಮತ್ತೆ ಕಥೆ ಬರೆದವನು, ಚಿತ್ರ ಬರೆದವನು, ಹಿಂದಿನ ಬೆಟ್ಟ ಗುಡ್ಡ ಬರೆದವನು, ಸಂಗೀತ ಮಾಡಿದವನು ಎಂದು ಸಾಲು ಬೆಳೆಯಿತು. ಇನ್ನೂ ಸ್ವಲ್ಪ ಮುಂದೆ ಬಂದರೆ ಬೋರ್ಡೇ ತಮಾಷೆ ಮಾಡತೊಡಗುತ್ತದೆ. ಅಕ್ಷರ ಕುಣಿಯುತ್ತದೆ, ಜಾರುತ್ತದೆ. ಕೊಟ್ಟಕೊನೆಗೆ ಎಲ್ಲ ಬೋಳು. ನಾಲ್ಕು ಗೆರೆ, ಎರಡು ತ್ರಿಕೋನ, ಪಾತ್ರೆ ಬಿದ್ದ ಹಾಗೆ ಒಂದು ಸಂಗೀತ. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಅವನಿಗೆ ಅದೇ ಇಷ್ಟ. ಈ ವಿಷಯದಲ್ಲಿ ನಾವು ಮಾಡಿದ ಜಗಳಗಳನ್ನು ಜೋಡಿಸಿದರೆ ಒಂದು ವಾರ ಆಗಬಹುದು.

ನನ್ನ ಹಸಿರು ಪರದೆ ಎಲ್ಲಿಗೆ ಹೋಯಿತು ಎಂದು ತಿಳಿದದ್ದೂ ಅವನಿಂದಲೇ. ಕೆಲವು ವರ್ಷ ಬಿಟ್ಟು ಅದೇ ಕಾರ್ಟೂನನ್ನು ಥಿಯೇಟರುಗಳಿಗೆ ಮತ್ತೆ ಕಳಿಸುವಾಗ ಕಂಪನಿಗಳು ಹಳೆಯ ತಲೆಯನ್ನು ಕತ್ತರಿಸಿ ಎಲ್ಲದಕ್ಕೂ ಒಂದೇ ನಮೂನೆಯ ಹೊಸ ತಲೆ ಅಂಟಿಸುತ್ತಿದ್ದವಂತೆ. ಹೊಸದೆಂದು ಕಾಣಬೇಕಲ್ಲ. ಹೆಸರುಗಳೆಲ್ಲ ಕಸದಬುಟ್ಟಿಗೆ. ಎಷ್ಟೋ ಕಡೆ ಮೂಲವನ್ನೇ ಕತ್ತರಿಸಿದ್ದರಿಂದ ಹುಡುಕಿದರೂ ಸಿಗುವುದಿಲ್ಲ. ಎಲ್ಲೋ ಒಂದು ಹಳೆಯ ಕಾಪಿ ಯಾರದ್ದೋ ಅಟ್ಟದಲ್ಲಿ ಉಳಿದಿದ್ದರೆ ಮಾತ್ರ ಉಂಟು. ಉಂಡ ಮನೆಯ ಜಂತಿ ಎಣಿಸುವುದು ಎಂದರೆ ಇದೇ ಎಂದು ನಾನು ಆ ದಿನ ಕಂಪನಿಗಳಿಗೆ ಬೈದ ಬೈಗುಳಕ್ಕೆ ಅವನು ಚಹಾ ಚೆಲ್ಲಿಕೊಂಡು ನಕ್ಕಿದ್ದ.

ಇನ್ನೊಂದು ಪಾಠವನ್ನೂ ಅವನೇ ಕಲಿಸಿದ, ಅದು ಮುಂದೆ ಬೇಕಾಗುತ್ತದೆ. ನಾವು ಓಡಿಸುವ ಈ ಹದಿನಾರು ಎಂಎಂ ಸಣ್ಣ ಫಿಲ್ಮಿನಲ್ಲಿ ಚಿತ್ರವು ಬೆಳಕಿನ ಕಿಂಡಿಯನ್ನು ದಾಟಿ ಸ್ವಲ್ಪ ಮುಂದೆ ಹೋದ ಮೇಲೆ ಸದ್ದು ಓದುವ ಜಾಗ ಸಿಗುತ್ತದೆ. ಹಾಗಾಗಿ ಎರಡು ಬೇರೆ ಬೇರೆ ಕಾಪಿಯ ತುಂಡುಗಳನ್ನು ಯಾರಾದರೂ ಕೈಯಲ್ಲಿ ಜೋಡಿಸಿದ್ದರೆ, ಚಿತ್ರ ಮೊದಲು ಬದಲಾಗುತ್ತದೆ, ಸದ್ದು ಒಂದು ಸೆಕೆಂಡು ತಡವಾಗಿ ಬದಲಾಗುತ್ತದೆ. ಕಂಪನಿಯವರೇ ಅಂಟಿಸಿ ಪ್ರಿಂಟ್ ಮಾಡಿದ್ದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಕಣ್ಣಿಗೆ ಮೋಸ ಮಾಡಬಹುದು, ಆ ಒಂದು ಸೆಕೆಂಡಿಗೆ ಕಿವಿ ಕೊಡು ಎಂದು ಅವನು ಹೇಳಿಕೊಟ್ಟ. ಆಮೇಲೆ ನಾನು ಅವನಿಗಿಂತ ಚುರುಕಾದೆ. ಜೋಡಣೆಯ ಕಾಪಿ ಓಡಿದರೆ ಬೆರಳೆತ್ತುವವನು ಮೊದಲು ನಾನೇ.

ಈಗ ನನ್ನ ತಪ್ಪನ್ನು ಹೇಳಬೇಕು. ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಆರು ವರ್ಷದ ಹಿಂದೆ ಮಗಳ ಹತ್ತನೆಯ ಹುಟ್ಟುಹಬ್ಬ. ಫ್ಲಾಟಿನ ತುಂಬ ಜನ. ನಾನು ಎಂದಿನಂತೆ ಹಸಿರು ಪರದೆಯ ಕಥೆ ಹೇಳಿದೆ. ನಾಲ್ಕು ಓದಿದೆ, ಐದನೆಯದಕ್ಕೆ ಬೋರ್ಡು ಬದಲಾಯಿತು. ನಮ್ಮ ಬಿಲ್ಡಿಂಗಿನವನೇ ಒಬ್ಬ, ಬ್ಯಾಂಕಿನಲ್ಲಿ ಕೆಲಸ, ಎಲ್ಲದಕ್ಕೂ ಕೊಕ್ಕೆ ಹಾಕುವವನು. ನಾಲ್ಕು ಓದುವಷ್ಟು ಹೊತ್ತು ನಿಂತ ಬೋರ್ಡು ಐದನೆಯದಕ್ಕೆ ನಿಲ್ಲಲಿಲ್ಲವೇ, ಓದದಿದ್ದರೂ ಕಣ್ಣಿಗೆ ಬಿದ್ದಿರಲೇಬೇಕಲ್ಲ, ನೀವು ಇದನ್ನು ನೋಡಿಯೇ ಇಲ್ಲ ಎಂದು ಎಲ್ಲರ ಮುಂದೆ ನಕ್ಕ. ಮಗಳು ನನ್ನ ಮುಖ ನೋಡಿದಳು. ನಿಜ ಹೇಳಿದವನಿಗೆ ಸುಳ್ಳುಗಾರ ಎನ್ನಿಸಿಕೊಳ್ಳುವ ಸಂಕಟ ಗೊತ್ತೇ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಐದನೆಯ ಹೆಸರಿನ ಮೇಲೆ ಒಂದು ಕಾಗೆ ಕೂತಿತ್ತು, ಬೋರ್ಡಿನಲ್ಲೇ ಬರೆದ ಕಾಗೆ, ಅದರ ಬಾಲ ಹೆಸರಿಗೆ ಅಡ್ಡ ಬಂದಿತ್ತು ಎಂದೆ. ಬ್ಯಾಂಕಿನವನು ತಟ್ಟೆಯ ಕೇಕಿಗೆ ಕೈ ಹಾಕಿದ. ಮಗಳು ಕೈ ತಟ್ಟಿ ನಕ್ಕಳು. ಅಲ್ಲಿಗೆ ಖಲಾಸ್ ಎಂದುಕೊಂಡೆ.

ಖಲಾಸ್ ಆಗಲಿಲ್ಲ. ಮುಂದಿನ ಶುಕ್ರವಾರ ಮಗಳು ನನ್ನೊಟ್ಟಿಗೆ ಗೋಡೌನಿಗೆ ಬಂದವಳು ಕಾಗೆಯ ವಿಷಯವನ್ನು ಇಂಗ್ಲಿಷಿನಲ್ಲಿ ಸಂಭ್ರಮದಿಂದ ಅವನಿಗೆ ಹೇಳಿದಳು. ಅವನು ನನ್ನ ಕಡೆ ತಿರುಗಿ, ಕಾಗೆ ಇತ್ತಾ ಎಂದು ಕೇಳಿದ. ಮಗಳು ಪಕ್ಕದಲ್ಲೇ ಇದ್ದಳು. ಇತ್ತು ಎಂದೆ. ಬರಿದೆ ಇತ್ತು ಎಂದು ಬಿಡಲಿಲ್ಲ, ಬಾಲದ ತುದಿ ಸ್ವಲ್ಪ ನೀಲಿ ಎಂದೂ ಸೇರಿಸಿದೆ. ಅವನು ತಲೆಯಾಡಿಸಿ ಫಿಲ್ಮ್ ಹಾಕಿದ. ಆಮೇಲೆ ಆ ಕಥೆಯನ್ನು ಯಾರಿಗೆ ಹೇಳುವಾಗಲೂ ಕಾಗೆ ತಾನಾಗಿಯೇ ಬಂದು ಕೂರುತ್ತಿತ್ತು. ಅದಿಲ್ಲದೆ ಹೇಳಿದರೆ ಮಗಳು ನೆನಪು ಮಾಡುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಅವನು ಒಂದು ದಿನ ಫೋನ್ ಮಾಡಿದ. ಸಿಕ್ಕಿತು ಎಂದ. ಏನು ಸಿಕ್ಕಿತು ಎಂದು ನಾನು ಕೇಳಲಿಲ್ಲ, ಬ್ಯಾಂಕ್ವೆಟ್ ಹಾಲಿನ ಕುರ್ಚಿಯಲ್ಲಿ ಕೂತೆ. ಅಬುಧಾಬಿಯ ಗುಜರಿಯವನು ಕೊಟ್ಟ ಒಂದು ರಾಶಿಯಲ್ಲಿ ನನ್ನ ಕಾರ್ಟೂನು, ಮೂಲ ತಲೆ ಸಮೇತ ಇದೆಯಂತೆ. ಈಗಲೇ ಬರುತ್ತೇನೆ ಎಂದೆ. ಬೇಡ ಎಂದ. ಅಲ್ ಕೂಜಿನಲ್ಲೇ ಗೋಡೌನನ್ನು ಗ್ಯಾಲರಿ ಮಾಡಿಕೊಂಡ ಕೆಲವು ಹುಡುಗ ಹುಡುಗಿಯರು ಒಂದು ಶನಿವಾರ ಸಂಜೆ ಹಳೆಯ ಫಿಲ್ಮ್ ತೋರಿಸುವವರಿದ್ದರು. ಕಾರ್ಟೂನಿನ ತಲೆಬಾಲದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಕೊನೆಗೆ ಅದನ್ನು ಅಲ್ಲೇ ಹಾಕುತ್ತೇನೆ, ಎಲ್ಲರೆದುರು ನೀನು ಎದ್ದು ನಿಂತು ಐದೂ ಓದು ಎಂದ. ನನ್ನ ಬ್ರದರ್ ಹೇಳಿದ ಮಾತು ಅವನಿಗೆ ಅಷ್ಟು ನೆನಪಿದೆಯಲ್ಲ ಎಂದುಕೊಂಡೆ.

ಎರಡು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಒಂದೇ ಒಂದು ಸಲ, ಕಾಗೆಯ ವಿಷಯ ಬಯಲಾಗುತ್ತದಲ್ಲ ಎಂದು ಹೊಳೆಯಿತು. ಆಗಲಿ ಎಂದುಕೊಂಡೆ. ಕಾಗೆ ಇಲ್ಲದ ಬೋರ್ಡು ಬಂದರೆ ನಕ್ಕು ಒಪ್ಪಿಕೊಂಡರಾಯಿತು, ಹೆಸರು ಸಿಕ್ಕಿದ ಮೇಲೆ ಮಾನ ಯಾರಿಗೆ ಬೇಕು. ಹೆಂಡತಿಗೂ ರಜೆ ಹಾಕಲು ಹೇಳಿದೆ. ಮಗಳು ಇಬ್ಬರು ಗೆಳತಿಯರನ್ನು ಕರೆದಳು.

ಆ ಶನಿವಾರ ನಾನು ಚೆನ್ನಾಗಿಯೇ ಮಾತಾಡಿದೆ. ಒಂದೊಂದು ಕಾಲದ್ದು ಒಂದೊಂದು ತುಂಡು ತೋರಿಸಿದೆವು. ವೃತ್ತ ಮುಚ್ಚಿದಾಗ ಜನ ಆಹಾ ಎಂದರು, ಬಳೆಗಳು ಬಂದಾಗ ಕೈ ತಟ್ಟಿದರು. ಹೆಸರು ಕತ್ತರಿಸಿದ ಕಂಪನಿಗಳ ವಿಷಯಕ್ಕೆ ಬಂದಾಗ ನನ್ನ ಸ್ವರ ಏರಿತು. ಒಬ್ಬನ ಹೆಸರನ್ನು ತೆಗೆದು ಆ ಜಾಗದಲ್ಲಿ ಇನ್ನೇನನ್ನೋ ಇಡುವುದು ಕಳ್ಳತನ ಎಂದೆ. ಹಿಂದೆ ಪ್ರೊಜೆಕ್ಟರ್ ಹತ್ತಿರ ನಿಂತಿದ್ದ ನನ್ನ ಸ್ನೇಹಿತ ತಲೆ ತಗ್ಗಿಸಿ ರೀಲು ಏರಿಸುತ್ತಿದ್ದ. ಆಮೇಲೆ ಬ್ರದರ್, ನಾಲ್ಕನೇ ಕ್ಲಾಸು, ಎಲ್ಲ ಹೇಳಿದೆ. ಆ ದಿನ ಕಾಗೆಯ ವಿಷಯ ಹೇಳಲಿಲ್ಲ. ದೀಪ ಆರಿತು, ನಾನು ಪರದೆಯ ಬದಿಯಲ್ಲಿ ಎದ್ದು ನಿಂತೆ.

ಹಸಿರು ಪರದೆ ಬಂತು. ಸತ್ಯ ಹೇಳುತ್ತೇನೆ, ನನಗೆ ಅಳು ಬಂತು. ಪರದೆ ಸರಿಯಿತು. ಕಪ್ಪು ಹಲಗೆ, ಬಿಳಿ ಅಕ್ಷರ. ಒಂದು ಓದಿದೆ. ಎರಡು, ಮೂರು. ನಾಲ್ಕನೆಯದನ್ನು ತಪ್ಪಿಲ್ಲದೆ ಓದಿದೆ. ಐದನೆಯ ಸಾಲಿಗೆ ಕಣ್ಣು ಇಳಿಸಿದೆ.

ಅಲ್ಲಿ ಕಾಗೆ ಕೂತಿತ್ತು. ಬಾಲ ಹೆಸರಿಗೆ ಅಡ್ಡ ಬಂದಿತ್ತು. ಬಾಲದ ತುದಿ ಸ್ವಲ್ಪ ನೀಲಿಯಾಗಿತ್ತು.

ಮೂರನೇ ಸಾಲಿನಿಂದ ಮಗಳು, ಪಪ್ಪಾ, ದ ಕ್ರೋ ಎಂದು ಕೂಗಿದ್ದು ಕೇಳಿಸಿತು. ಬೋರ್ಡು ಹೋಯಿತು, ಕಥೆ ಬಂತು. ಚಿತ್ರ ಬದಲಾಗಿ ಒಂದು ಸೆಕೆಂಡು ಹಳೆಯ ಸಂಗೀತ ಎಳೆದು, ಆಮೇಲೆ ತುಂಡಾಯಿತು. ನನ್ನ ಬೆರಳು ಅಭ್ಯಾಸಬಲದಿಂದ ಎದ್ದದ್ದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ.

ದೀಪ ಹತ್ತಿತು. ಗ್ಯಾಲರಿಯ ಹುಡುಗಿ ಮೈಕು ತಂದು, ನೀವು ಚಿಕ್ಕಂದಿನಲ್ಲಿ ನೋಡಿದ್ದು ಇದೇ ತಾನೇ ಎಂದು ಕೇಳಿದಳು. ಮಗಳು ಗೆಳತಿಯರ ಕಡೆ ತಿರುಗಿ, ನಾನು ಹೇಳಿರಲಿಲ್ಲವಾ ಎನ್ನುವ ಮುಖದಲ್ಲಿ ಹೊಳೆಯುತ್ತಿದ್ದಳು. ಅವನು ಪ್ರೊಜೆಕ್ಟರಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದ. ನಗುತ್ತಿರಲಿಲ್ಲ.

"ಹೌದು, ಇದೇ," ಎಂದೆ.

ಚಪ್ಪಾಳೆ ಬಿತ್ತು. ಇದನ್ನು ನಮ್ಮ ದಾಖಲೆಯಲ್ಲಿ ಸೇರಿಸುತ್ತೇವೆ, ಕಣ್ಣಾರೆ ನೋಡಿದವರೆಂದು ನೀವು ಎರಡು ಸಾಲು ಬರೆದುಕೊಡಿ ಎಂದಳು ಹುಡುಗಿ. ಹೆಂಡತಿ, ಮಗಳನ್ನು ಟ್ಯಾಕ್ಸಿ ಹತ್ತಿಸಿ, ಸಾಮಾನು ಇಳಿಸುವ ನೆಪದಲ್ಲಿ ನಾನು ಅವನ ಪಿಕಪ್ ಹತ್ತಿದೆ.

ಗೋಡೌನಿನ ಮುಂದೆ ಅವನು ಗಾಡಿ ನಿಲ್ಲಿಸಿದ. ಆಮೇಲೆ ನಾನು ಶುರು ಮಾಡಿದವನು ನಿಲ್ಲಿಸಲಿಲ್ಲ. ನಂಬಿದವನ ಕುತ್ತಿಗೆ ಕೊಯ್ದೆ ಎಂದೆ. ನಲವತ್ತೈದು ವರ್ಷ ಕಾದ ಜಾಗಕ್ಕೆ ಬಣ್ಣದ ಕಾಗದ ಅಂಟಿಸಿದೆ, ಕಂಪನಿಯವರಾದರೂ ವ್ಯಾಪಾರಕ್ಕೆ ಮಾಡಿದರು, ನಿನಗೆ ಏನು ಬಂತು ಎಂದೆ. ಇನ್ನೂ ಕೆಟ್ಟದ್ದು ಹೇಳಿದೆ, ಅದನ್ನು ಬರೆಯುವುದಿಲ್ಲ. ಅವನು ಎಲ್ಲ ಒಪ್ಪಿಕೊಂಡ. ಸಿಲಿಕಾನ್ ಓಯಸಿಸಿನಲ್ಲಿ ಆನಿಮೇಷನ್ ಕೆಲಸ ಮಾಡುವ ಒಬ್ಬಳಿಂದ ಬರೆಸಿದ್ದಂತೆ. ಹೊರದೇಶದ ಲ್ಯಾಬಿನಲ್ಲಿ ಫಿಲ್ಮ್ ಮಾಡಿಸಿ, ಬೇರೊಂದು ತಲೆಯ ಸಂಗೀತ ಹಾಕಿಸಿ, ಹೆಸರಿಲ್ಲದ ಕಾಪಿಗೆ ತಾನೇ ಜೋಡಿಸಿದನಂತೆ. ನಾಲ್ಕು ಹೆಸರು ನಾನೇ ಹೇಳಿದ್ದು. ಹಸಿರು, ಕಪ್ಪು, ಬಿಳಿ ಎಲ್ಲ ನಾನೇ ಹೇಳಿದ್ದು.

ಹಾಗಾದರೆ ಆ ಒಂದು ಸೆಕೆಂಡು ಯಾಕೆ ಬಿಟ್ಟೆ, ನಿನಗೆ ಸರಿಮಾಡಲು ಬರುತ್ತಿರಲಿಲ್ಲವೇ ಎಂದು ಕೇಳಿದೆ. ನಿನಗೆ ಕೇಳಲಿ ಅಂತಲೇ ಬಿಟ್ಟದ್ದು ಎಂದ. ಆಮೇಲೆ ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ನಿಧಾನಕ್ಕೆ ಹೇಳಿದ:

"ಮೂರು ವರ್ಷ ನೀನು ಬೋರ್ಡು ಬದಲಾಯ್ತು ಅಂತಲೇ ಹೇಳಿದ್ದು. ನಾನು ನಂಬಿದ್ದೆ ಮಾರಾಯ. ಯಾರೂ ನಂಬದಿದ್ದಾಗ ನಾನು ನಂಬಿದ್ದೆ. ಮತ್ತೆ ಕಾಗೆ ಬಂತು. ಊರಿಗೆ ಬೇಕಾದ್ರೆ ಹೇಳು, ಮಗಳಿಗೂ ಹೇಳು. ನನ್ನ ಹತ್ರವೂ ಕಾಗೆ ಅಂತ ಹೇಳಿದಿ ಅಲ್ವಾ? ಆರು ವರ್ಷ ಕಾದೆ, ಒಂದು ಶುಕ್ರವಾರ ಆದ್ರೂ ಹೇಳ್ತಿಯ ಅಂತ."

"ಕೇಳಬಹುದಿತ್ತಲ್ಲ. ಚಹಾ ಕುಡಿಯುವಾಗ ಒಂದು ಮಾತು."

"ಕೇಳಿದ್ದೆ. ಕಾಗೆ ಇತ್ತಾ ಅಂತ ಕೇಳಿದ್ದೆ. ನೀನು ಬಾಲ ನೀಲಿ ಅಂದಿ."

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನನ್ನ ಸುಳ್ಳಿಗೆ ಅವನು ಕಾಲು, ರೆಕ್ಕೆ, ಬಾಲ ಎಲ್ಲ ಬರೆಸಿ ಪರದೆಯ ಮೇಲೆ ಕೂರಿಸಿದ್ದ. ಎಲ್ಲರ ಮುಂದೆ ನಾನು, ಇದಲ್ಲ, ಕಾಗೆ ಇರಲಿಲ್ಲ ಎಂದುಬಿಡುತ್ತೇನೆ ಎಂದು ಅವನು ಎಣಿಸಿದ್ದನಂತೆ. ಹಾಗೆ ಅಂದಿದ್ದರೆ ತಾನೇ ಮೈಕು ಹಿಡಿದು ತಪ್ಪು ಒಪ್ಪಿಕೊಳ್ಳಬೇಕೆಂದಿದ್ದನಂತೆ. ಆ ಮಾತು ನಿಜವೇ ಇರಬಹುದು. ನಾನು ನಂಬಲಿಲ್ಲ, ಈಗಲೂ ಪೂರ್ತಿ ನಂಬುವುದಿಲ್ಲ. ಒಬ್ಬನ ಸುಳ್ಳನ್ನು ಹಿಡಿಯಲು ಅವನ ಆಸೆಗೇ ಗಾಳ ಹಾಕುವುದು ಸ್ನೇಹಿತ ಮಾಡುವ ಕೆಲಸವಲ್ಲ. ಹೀಗೆಂದು ಹೇಳಿ ಇಳಿದೆ. ಅವನು ಕಿಟಕಿಯಿಂದ ಆ ರೀಲಿನ ಡಬ್ಬಿಯನ್ನು ಕೊಟ್ಟ. ಎಲ್ಲಿ ಬೇಕೋ ಅಲ್ಲಿ ಕತ್ತರಿಸು ಎಂದ. ತೆಗೆದುಕೊಳ್ಳಬಾರದಿತ್ತು. ತೆಗೆದುಕೊಂಡೆ. ಮೆಟ್ರೋದಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವನನ್ನು ಎದುರಿನ ಫಿಲಿಪಿನೋ ಮಗು ಕೇಕು ಎಂದು ತಿಳಿದು ನೋಡುತ್ತಿತ್ತು.

ಆಮೇಲಿನ ಶುಕ್ರವಾರ ಹೆಂಡತಿ ಏನೂ ಕೇಳದೆ ಸನ್ನಾಸ್ ಮಾಡಿದಳು. ಡಬ್ಬಿಗೆ ತುಂಬಿಸಲು ಹೊರಟಾಗ ಬೇಡ ಎಂದೆ. ಅವಳಿಗೆ ಮಾತ್ರ ಎಲ್ಲ ಹೇಳಿದೆ. ತಪ್ಪು ಇಬ್ಬರದ್ದೂ ಉಂಟು ಎಂದಳು. ಇಬ್ಬರದ್ದೂ ಉಂಟು ಎಂದು ಹೇಳುವುದು ಸುಲಭ. ನಾನು ಹೇಳಿದ ಸುಳ್ಳು ಒಂದು ಮಾತು, ಗಾಳಿಗೆ ಹೋಗುವಂಥದ್ದು. ಅವನು ಮಾಡಿದ್ದು ಫಿಲ್ಮು. ಈ ವ್ಯತ್ಯಾಸವನ್ನು ಅವಳಿಗೆ ವಿವರಿಸುತ್ತ ವಿವರಿಸುತ್ತ ನನ್ನ ದನಿ ನನಗೇ ಟೊಳ್ಳಾಗಿ ಕೇಳಿಸಿತು.

ಮಗಳು ಟ್ಯೂಷನ್ನಿಗೆ ಹೋದ ಒಂದು ಮಧ್ಯಾಹ್ನ ಡೈನಿಂಗ್ ಟೇಬಲ್ಲಿನ ಮೇಲೆ ಹಳೆಯ ಪೇಪರ್ ಹಾಸಿ ರೀಲು ಬಿಚ್ಚಿದೆ. ಜೋಡಿಸಿದ ಜಾಗ ಬೆರಳಿಗೇ ಸಿಕ್ಕಿತು. ಬ್ಲೇಡು ಇಟ್ಟೆ. ಹಸಿರು ಪರದೆ, ನಾಲ್ಕು ಹೆಸರು, ಕಾಗೆ, ಎಲ್ಲ ಸೇರಿ ಮಾರುದ್ದದ ಕೆಲವು ಸುರುಳಿ. ಕತ್ತರಿಸಿ ಅಡುಗೆಮನೆಯ ಕಸಕ್ಕೆ ಹಾಕಿದೆ. ಹಾಕಿದ ಮೇಲೆ ಗೊತ್ತಾಯಿತು, ಜೀವಮಾನವಿಡೀ ಯಾವ ಕೆಲಸಕ್ಕೆ ಕಂಪನಿಗಳನ್ನು ಬೈದೆನೋ ಅದನ್ನೇ ಮಾಡಿದ್ದೆ. ಆ ನಾಲ್ಕು ಹೆಸರು ನಿಜವಾದವೇ ಆಗಿದ್ದವು.

ಗ್ಯಾಲರಿಯ ಹುಡುಗಿಗೆ ಪತ್ರ ಬರೆದೆ. ಆ ದಿನ ತೋರಿಸಿದ ತಲೆ ಮೂಲದ್ದಲ್ಲ, ನಾನು ಹೌದು ಎಂದದ್ದು ತಪ್ಪು, ಕಾಗೆ ನಾನೇ ಹೇಳಿದ ಸುಳ್ಳು, ದಾಖಲೆಯಲ್ಲಿ ಸೇರಿಸಬೇಡಿ ಎಂದೆ. ಮಗಳಿಗೂ ಹೇಳಿದೆ. ಅವಳು ಓಕೆ ಪಪ್ಪಾ ಎಂದಳು. ಅದಾದ ಮೇಲೆ ಆ ಕಥೆಯನ್ನು ಅವಳು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ.

ಹುಡುಗಿ ಸಿಟ್ಟು ಮಾಡಲಿಲ್ಲ. ಉತ್ತರ ಬರೆದಳು. ತೆಗೆದುಹಾಕಿದ್ದೇವೆ, ಆದರೆ ನೀವು ನಿಜವಾಗಿ ನೋಡಿದ್ದು ಏನು, ಐದನೆಯ ಹೆಸರಿನ ಮೊದಲ ಅಕ್ಷರವೋ, ಉದ್ದವೋ ಗಿಡ್ಡವೋ, ಏನಾದರೂ ಕಣ್ಣಿಗೆ ಬಿದ್ದಿದ್ದರೆ ಬರೆಯಿರಿ, ಹುಡುಕುವವರಿಗೆ ಸಹಾಯವಾಗುತ್ತದೆ ಎಂದಿದ್ದಳು. ಇಷ್ಟು ವರ್ಷದಲ್ಲಿ ಇದನ್ನು ಸರಿಯಾಗಿ ಕೇಳಿದವಳು ಅವಳೊಬ್ಬಳೇ. ಬ್ಯಾಂಕಿನವನು ಹೇಳಿದ್ದು ಸರಿಯೇ ಇತ್ತು. ಓದದಿದ್ದರೂ ಆ ಸಾಲು ನನ್ನ ಕಣ್ಣಿಗೆ ಬಿದ್ದೇ ಇರಬೇಕು. ಬ್ರದರ್ ನಾಲ್ಕನೆಯದನ್ನು ತಿದ್ದುತ್ತಿದ್ದಾಗ ಅದು ನನ್ನ ಮುಂದೆಯೇ ಇತ್ತು.

ಉತ್ತರ ಬರೆಯಲು ಕೂತೆ. ಕಣ್ಣು ಮುಚ್ಚಿ ಶಾಲೆಯ ಹಾಲಿನಲ್ಲಿ ಎದ್ದು ನಿಂತೆ. ಬೆಂಚಿನ ವಾಸನೆ ಬಂತು, ರೀಲಿನ ಕಿಟಕಿಟ ಸದ್ದು ಬಂತು. ಹಸಿರು ಪರದೆ ಸರಿಯಿತು. ಒಂದು ಓದಿದೆ, ಎರಡು ಓದಿದೆ, ಮೂರು ಓದಿದೆ. ನಾಲ್ಕನೆಯದರಲ್ಲಿ ತೊಡರಿ, ತಿದ್ದಿಕೊಂಡು, ಕೆಳಗೆ ನೋಡಿದೆ. ಕಾಗೆ ಕೂತಿತ್ತು. ಓಡಿಸಿದರೂ ಏಳಲಿಲ್ಲ. ಬಾಲದ ತುದಿ ನೀಲಿ.

ಆ ಪತ್ರಕ್ಕೆ ನಾನು ಇನ್ನೂ ಉತ್ತರ ಬರೆದಿಲ್ಲ.